ಇಮೇಜ್ ಬ್ಯಾಕಪ್ ಇದೆ, ಆದರೆ ರಿಸ್ಟೋರ್ ಆಗುತ್ತಿಲ್ಲ. ಹಳೇ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿದೆ

ಅಕ್ಷರಮನೆ (ಶಿರಸಿ) | ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಶಿರಸಿ ಹತ್ತಿರದ ಒಂದು ಹಳ್ಳಿಯವಳು. ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಉಪನಯನದ ಕಾಗದ, ಸೊಸೈಟಿಯ ವಾರ್ಷಿಕ ವರದಿ, ತಾಳಮದ್ದಲೆಯ ಕರಪತ್ರ, ವರ್ಷಕ್ಕೆ ಒಂದೋ ಎರಡೋ ಪುಸ್ತಕ. 11 ವರ್ಷದ ಕೆಲಸ ಎಲ್ಲಾ ಒಂದೇ ಕಂಪ್ಯೂಟರಿನಲ್ಲಿದೆ. ಅಸೆಂಬಲ್ ಮಾಡಿಸಿದ್ದು. ವಿಂಡೋಸ್ 10, 500 ಜಿಬಿ ಹಾರ್ಡ್ ಡಿಸ್ಕ್, ಅದರಲ್ಲಿ ಸಿ ಮತ್ತು ಡಿ ಅಂತ ಎರಡು ಭಾಗ, ಡಿ ಒಂದೇ 315 ಜಿಬಿ.

ಹೋದ ವಾರ ರಾತ್ರಿ ಕೂತು ಒಂದು ಪತ್ರಿಕೆ ತಿದ್ದುತ್ತಿದ್ದೆ. ಹಲ್ಲಿ ಲೊಚಗುಟ್ಟಿದ ಹಾಗೆ ಶಬ್ದ ಬಂತು. ಒಳ್ಳೇ ಶಕುನವೋ ಕೆಟ್ಟದ್ದೋ ಅಂತ ಅತ್ತೆಯವರನ್ನು ಕೇಳಿದೆ. ಅವರು ಯಾವ ದಿಕ್ಕಿನಿಂದ ಅಂತ ಕೇಳಿದರು. ಟ್ಯೂಬ್‌ಲೈಟ್ ಹಿಂದೆ ನೋಡಿದೆ, ಕ್ಯಾಲೆಂಡರ್ ಎತ್ತಿ ನೋಡಿದೆ, ಹಲ್ಲಿ ಇರಲಿಲ್ಲ. ಕಿವಿ ಕೊಟ್ಟು ಕೇಳಿದರೆ ಶಬ್ದ ಸಿಪಿಯು ಡಬ್ಬಿಯ ಒಳಗಿಂದ. ಮಾರನೇ ದಿನ ಮಳೆಗೆ ಕರೆಂಟು ಆರು ಸಲ ಹೋಗಿ ಬಂತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದೆ. ಏಳನೇ ಸಲ ಆನ್ ಮಾಡಿದಾಗ ವಿಂಡೋಸ್ ಬರಲೇ ಇಲ್ಲ. 'ಆಟೋಮ್ಯಾಟಿಕ್ ರಿಪೇರಿಗೆ ತಯಾರಿ' ಅಂತ ತೋರಿಸುತ್ತಾ ಸುಮ್ನೆ ಸುತ್ತುತ್ತಿತ್ತು.

ಪೇಟೆಯ ಅಂಗಡಿಗೆ ಒಯ್ದೆ. 'ಡಿಸ್ಕ್ ಹೋಗಿದೆ, ಎಸ್‌ಎಸ್‌ಡಿ ಹಾಕಿಸಿ, ಹೊಸದಾಗಿ ವಿಂಡೋಸ್ ಹಾಕಿಕೊಡುತ್ತೇನೆ' ಅಂದರು. 480 ಜಿಬಿಯ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಹೊಸ ಥರದ ಡಿಸ್ಕ್) ತೆಗೆದುಕೊಂಡೆ. ಆದರೆ ಹೊಸದಾಗಿ ಹಾಕುವುದು ಬೇಡ ಅಂದೆ. ಕಾರಣ ಇದೆ. ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡುವ ನುಡಿ, ನನ್ನ ಹಳೇ ಅಲಂಕಾರದ ಫಾಂಟ್‌ಗಳು, ಪ್ರಿಂಟರ್ ಸೆಟ್ಟಿಂಗ್, ಇವನ್ನೆಲ್ಲ ಮತ್ತೆ ಕೂರಿಸಲು ನನ್ನಿಂದ ಆಗದು. ಹಿಂದೊಮ್ಮೆ ಆ ಪೇಜ್‌ಮೇಕರ್ ಹಾಕಿಸಲು ಎರಡು ವಾರ ಒದ್ದಾಡಿದ್ದೇನೆ.

ಮತ್ತೆ, ನಾನು ಬ್ಯಾಕಪ್ ಇಡದವಳಲ್ಲ. ಯುಗಾದಿಗೆ ಹೊಸ ಪಂಚಾಂಗ ತಂದ ದಿನವೇ ವಿಂಡೋಸ್‌ನಲ್ಲೇ ಇರುವ ಸಿಸ್ಟಮ್ ಇಮೇಜ್ (ವಿಂಡೋಸ್, ಪ್ರೋಗ್ರಾಮ್, ಸೆಟ್ಟಿಂಗ್ ಎಲ್ಲದರ ಪಡಿಯಚ್ಚು) ತೆಗೆದು 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕುತ್ತೇನೆ. ನಾಲ್ಕು ವರ್ಷದಿಂದ ತಪ್ಪಿಸಿಲ್ಲ. ಈ ಯುಗಾದಿಯದೂ ಇದೆ. ಹಾಗಾಗಿ ಧೈರ್ಯವಾಗಿದ್ದೆ.

ಈಗ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಸಿಸ್ಟಮ್ ಇಮೇಜ್ ರಿಕವರಿಗೆ ಹೋದರೆ ಇಮೇಜ್ ಸಿಗುತ್ತದೆ, ತಾರೀಖೂ ಸರಿಯಾಗಿ ತೋರಿಸುತ್ತದೆ. ಮುಂದೆ ಒತ್ತಿದರೆ, ರಿಕವರಿಗೆ ಬಳಸಬಹುದಾದ ಡಿಸ್ಕ್ ಯಾವುದೂ ಸಿಗಲಿಲ್ಲ ಅನ್ನುತ್ತದೆ. ಎಸ್‌ಎಸ್‌ಡಿ ಕಣ್ಣೆದುರಿಗೇ ಇದೆ. ಬಯಾಸ್‌ನಲ್ಲೂ (ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ ಪರದೆ) ಕಾಣುತ್ತದೆ. ಎಲ್ಲಿ ತಪ್ಪಿದೆ?


ಬೈಟ್‌ಟೂಕಾಫಿ (ಬೆಂಗಳೂರು)

ಮೇಡಂ, ಎಸ್‌ಎಸ್‌ಡಿಯಲ್ಲಿ ದೋಷ ಇಲ್ಲ. ಅದು ಚಿಕ್ಕದಾಯಿತು, ಅಷ್ಟೇ.

500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 465 ಅಂತ ಕಾಣುತ್ತದೆ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದೇ ಲೆಕ್ಕದಲ್ಲಿ 480 ಅಂದರೆ 447. ವಿಂಡೋಸ್‌ನ ಇಮೇಜ್ ರಿಕವರಿ, ಹೊಸ ಡಿಸ್ಕ್ ಹಳೆಯದರಷ್ಟಾದರೂ ಇರಲೇಬೇಕು ಅಂತ ಹಟ ಹಿಡಿಯುತ್ತದೆ. ನಿಮ್ಮ ಹಳೇ ಡಿಸ್ಕಿನಲ್ಲಿ ಬರೀ 100 ಜಿಬಿ ತುಂಬಿದ್ದರೂ ಅದಕ್ಕೆ ಸಂಬಂಧ ಇಲ್ಲ. ಸೇರು ಅಕ್ಕಿ ತರಲು ಮೂಟೆಯಷ್ಟೇ ದೊಡ್ಡ ಚೀಲ ಬೇಕು ಅಂದ ಹಾಗೆ.

512 ಜಿಬಿ ಎಸ್‌ಎಸ್‌ಡಿ ಆದರೆ 476 ತೋರಿಸುತ್ತದೆ, ಸಾಕು. ಬಿಲ್ ಇದ್ದರೆ ಅಂಗಡಿಯಲ್ಲಿ ಬದಲಾಯಿಸಿ ಕೊಡುತ್ತಾರಾ ಕೇಳಿ.

ಅದಕ್ಕಿಂತ ಮೊದಲು ಒಂದು ಪ್ರಶ್ನೆ. ಇಮೇಜ್ ತೆಗೆಯುವಾಗ ಯಾವ ಡ್ರೈವ್ ಬೇಕು ಅಂತ ಒಂದು ಪಟ್ಟಿ ಬರುತ್ತದೆ. ಅಲ್ಲಿ ಡಿಗೆ ಟಿಕ್ ಹಾಕಿದ್ದಿರಾ? ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ವಿಂಡೋಸ್‌ಇಮೇಜ್‌ಬ್ಯಾಕಪ್ ಅನ್ನೋ ಫೋಲ್ಡರ್ ಎಷ್ಟು ಜಿಬಿ ಇದೆ, ನೋಡಿ ಹೇಳಿ. ಅದರ ಹೆಸರು ಬದಲಿಸಬೇಡಿ, ಬೇರೆ ಫೋಲ್ಡರಿನ ಒಳಗೆ ಹಾಕಲೂ ಬೇಡಿ. ಆಮೇಲೆ ರಿಕವರಿಗೆ ಅದು ಕಾಣುವುದಿಲ್ಲ.


ಕಡಲತೀರ (ಕುಮಟಾ)

ಅಕ್ಕ, ಹಳೇ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಒಮ್ಮೆ ಚೆಕ್‌ಡಿಸ್ಕ್ ಓಡಿಸಿ, ಬ್ಯಾಡ್ ಸೆಕ್ಟರ್ (ಡಿಸ್ಕಿನಲ್ಲಿ ಓದಲಾಗದ ಜಾಗ) ಸರಿ ಆಗುತ್ತದೆ. ಅದೂ ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ನನ್ನ ಗೆಳೆಯನದು ಹೀಗೇ ಒಮ್ಮೆ ಓಡಿತ್ತು.


ಸೋಲ್ಡರ್ (ಹುಬ್ಬಳ್ಳಿ)

ಅಕ್ಕಾರ, ಮೇಲಿನ ಎರಡೂ ಕೆಲಸ ಮಾಡಬೇಡಿ. ಕಡಲತೀರದವರಿಗೆ ಸಿಟ್ಟು ಬರಬಾರದು, ಆದರೆ ಇದೇ ಸಲಹೆ ಕೇಳಿ ಕೆಡಿಸಿಕೊಂಡ ಡಿಸ್ಕ್‌ಗಳನ್ನು ನನ್ನ ಟೇಬಲ್ ಮೇಲೆ ಬಹಳ ನೋಡಿದ್ದೇನೆ.

ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಮೇಲೆ ಹನಿ ಕಟ್ಟುತ್ತದಲ್ಲ, ಅದೇ ಹನಿ ಡಿಸ್ಕಿನ ತಟ್ಟೆ ಮೇಲೂ ಕಟ್ಟಬಹುದು. ತಟ್ಟೆಗೂ ಅದನ್ನು ಓದುವ ಹೆಡ್ಡಿಗೂ ನಡುವೆ ಇರುವ ಜಾಗ ಕೆಲವೇ ನ್ಯಾನೋಮೀಟರ್. ಒಂದು ಧೂಳಿನ ಕಣಕ್ಕೂ ಅಲ್ಲಿ ಜಾಗ ಇಲ್ಲ, ಇನ್ನು ನೀರಿನ ಹನಿ ಎಲ್ಲಿಂದ ಹಿಡಿಯಬೇಕು? ಅದೂ ಶಿರಸಿಯ ಮಳೆಗಾಲದಲ್ಲಿ.

ಚೆಕ್‌ಡಿಸ್ಕ್ ಇನ್ನೊಂದು ಥರ. ಅದು ಇರುವ ಫೈಲ್ ಉಳಿಸಲು ಮಾಡಿದ್ದಲ್ಲ, ಡಿಸ್ಕಿನ ಲೆಕ್ಕಪತ್ರ ಸರಿ ಮಾಡಲು ಮಾಡಿದ್ದು. ಓದಲು ಆಗದ ಕಡೆ ಮತ್ತೆ ಮತ್ತೆ ಓದುತ್ತದೆ, ತಾಳೆ ಆಗದ ದಾಖಲೆ ಕಂಡರೆ ಅಲ್ಲೇ ಹೊಡೆದು ಹಾಕುತ್ತದೆ. ಸಾಯುವ ಡಿಸ್ಕಿನ ಮೇಲೆ ಬರೆಯುವ ಕೆಲಸ ಯಾವುದೂ ಮಾಡಬಾರದು.

ಟಕ್ ಟಕ್ ಶಬ್ದ ಏನಂದರೆ, ಹೆಡ್ಡಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗದೆ ತನ್ನ ಜಾಗಕ್ಕೆ ವಾಪಸ್ ಹೋಗಿ ಮತ್ತೆ ಬರುತ್ತದೆ. ಆಗಾಗ ಒಮ್ಮೆ ಬಂದರೆ ಇನ್ನೂ ಆಸೆ ಇದೆ. ಆನ್ ಮಾಡಿದ ಕೂಡಲೇ ಬಿಡದೆ ಬಡಿಯುತ್ತಿದ್ದರೆ, ಬಯಾಸ್‌ನಲ್ಲಿ ಹೆಸರೇ ಕಾಣದಿದ್ದರೆ ಅಲ್ಲಿಗೇ ಕರೆಂಟ್ ತೆಗೆದು ಡೇಟಾ ರಿಕವರಿ ಲ್ಯಾಬಿಗೆ ಕೊಡಬೇಕು. ಅಲ್ಲಿ ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುತ್ತಾರೆ. ಹತ್ತಾರು ಸಾವಿರ ಆಗಬಹುದು.

ಈಗ ಆ ಡಿಸ್ಕಿನ ವೈರ್ ಬಿಚ್ಚಿ ಪಕ್ಕಕ್ಕಿಡಿ. ಆನ್ ಇದ್ದಷ್ಟು ಹೊತ್ತೂ ಆಯುಷ್ಯ ಕಡಿಮೆ ಆಗುತ್ತಿರುತ್ತದೆ. ಬೈಟ್‌ಟೂಕಾಫಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಿ, ನನಗೂ ಅದೇ ಸಂಶಯ ಇದೆ.


ಅಕ್ಷರಮನೆ

ಫೋಲ್ಡರ್ 71 ಜಿಬಿ. ಮಗನ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಒಳಗೆ ವಿಎಚ್‌ಡಿಎಕ್ಸ್ ಅನ್ನೋ ಎರಡು ಫೈಲ್ ಇವೆ, ಒಂದು ಪುಟ್ಟದು, ಒಂದು ದೊಡ್ಡದು. ಡಿ ಇಲ್ಲ.

ಟಿಕ್ ಹಾಕಿರಲಿಲ್ಲ. ಅಲ್ಲಿ ಒಂದು ಟಿಕ್ ಮೊದಲೇ ಬಿದ್ದಿರುತ್ತಿತ್ತು, ಅದೇ ಎಲ್ಲಾ ಅಂದುಕೊಂಡು ನಾಲ್ಕು ಯುಗಾದಿ ಮುಂದೆ ಒತ್ತಿದ್ದೇನೆ.

ಎದೆ ಧಸಕ್ ಅಂದಿತು. ಫೈಲ್‌ಗಳನ್ನೆಲ್ಲ ನಾನು ಡಿಯಲ್ಲೇ ಇಡುವುದು. ಕಲಿಸಿದವರು ಹೇಳಿಕೊಟ್ಟಿದ್ದೇ ಹಾಗೆ, 'ಸಿಯಲ್ಲಿ ಏನೂ ಇಡಬೇಡಿ, ಫಾರ್ಮ್ಯಾಟ್ ಮಾಡಿದರೆ ಹೋಗುತ್ತದೆ, ಡಿಯಲ್ಲಿಟ್ಟರೆ ಭದ್ರ' ಅಂತ. ಎರಡೂ ಒಂದೇ ತಟ್ಟೆ ಮೇಲೆ ಕೂತಿವೆ ಅಂತ ಯಾರೂ ಹೇಳಲಿಲ್ಲ, ನಾನೂ ಯೋಚನೆ ಮಾಡಲಿಲ್ಲ. ಡಿಯ ಕೊನೇ ನಕಲು ಎರಡು ವರ್ಷದ ಹಿಂದೆ ಪೆನ್‌ಡ್ರೈವಿಗೆ ಹಾಕಿದ್ದು.

ಇನ್ನೊಂದು ಗಾಬರಿ. ಆ ಪೆನ್‌ಡ್ರೈವಿನ ಒಂದು ವರ್ಡ್ ಫೈಲನ್ನು ಮಗನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಕಸ. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೀಟು ಇರುವ ಎ, ಬ್ರಿಟನ್ ಪೌಂಡಿನ ಗುರುತು, ಮತ್ತೆ ಏನೇನೋ. ಅದೂ ಕೆಟ್ಟು ಹೋಗಿದೆಯಾ?


ಬೈಟ್‌ಟೂಕಾಫಿ

ಇಲ್ಲ ಮೇಡಂ, ಅದು ಕೆಟ್ಟಿಲ್ಲ. ಆ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟ್ ಇಲ್ಲ. ಹಳೇ ನುಡಿಯ ಫೈಲಿನಲ್ಲಿ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ವೇಷ ಕಳಚಿದರೆ ಒಳಗಿನ ಪಿ ಕಾಣುತ್ತದೆ. ನುಡಿ ಹಾಕಿಕೊಳ್ಳಿ, ಸರಿಯಾಗುತ್ತದೆ. ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಯೂನಿಕೋಡ್ ಆಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ, ವಿಂಡೋಸ್‌ನ ಸ್ವಂತ ಫಾಂಟಿನಲ್ಲೇ ಕನ್ನಡ ಕಾಣುತ್ತಿತ್ತು. ಪುರುಸೊತ್ತಾದಾಗ ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಇಮೇಜ್ ಒಳಗಿನಿಂದ ಯಾವುದಾದರೂ ಫೈಲ್ ಬೇಕಿದ್ದರೆ ರಿಸ್ಟೋರ್ ಮಾಡಲೇಬೇಕು ಅಂತಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ ದೊಡ್ಡ ವಿಎಚ್‌ಡಿಎಕ್ಸ್ ಫೈಲನ್ನು ಅಟ್ಯಾಚ್ ಮಾಡಿ. 'ರೀಡ್ ಓನ್ಲಿ' ಟಿಕ್ ಹಾಕುವುದು ಮರೆಯಬೇಡಿ. ನಿಮ್ಮ ಸಿ ಡ್ರೈವ್ ಬೇರೆ ಅಕ್ಷರದಲ್ಲಿ ತೆರೆದುಕೊಳ್ಳುತ್ತದೆ. ಅಕ್ಷರ ಬರದಿದ್ದರೆ ಅಲ್ಲೇ ಒಂದನ್ನು ಕೊಡಬಹುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫಾಂಟ್ಸ್ ಎಲ್ಲಾ ಕೈಗೆ ಸಿಗುತ್ತವೆ.


ಅಕ್ಷರಮನೆ

ಉಸಿರು ಬಂತು. ನುಡಿ ಹಾಕಿದೆ, ಕನ್ನಡ ಬಂತು. ವಿಎಚ್‌ಡಿಎಕ್ಸ್ ಕೂಡ ತೆರೆದು ನೋಡಿದೆ, ನನ್ನ ಡೆಸ್ಕ್‌ಟಾಪ್ ಹಾಗೇ ಇದೆ. ನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಹೀಗೆ ತೆರೆದಿದ್ದರೆ ಡಿ ಇಲ್ಲ ಅಂತ ಆವತ್ತೇ ಗೊತ್ತಾಗುತ್ತಿತ್ತು.

ಯೂನಿಕೋಡ್ ಮಾತು ಎಲ್ಲರೂ ಹೇಳುತ್ತಾರೆ. ಆದರೆ 2001ರ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಪ್ರೆಸ್ಸಿನವರು ಇನ್ನೂ ಪೇಜ್‌ಮೇಕರ್ ಫೈಲನ್ನೇ ಕೇಳುತ್ತಾರೆ. ಅವರು ಬದಲಾದ ದಿನ ನಾನೂ ಬದಲಾಗುತ್ತೇನೆ.

ಸೋಲ್ಡರ್ ಅವರೇ, ಈಗ ಡಿಯನ್ನು ಹೇಗೆ ಉಳಿಸಿಕೊಳ್ಳಲಿ? ಹಳೇ ಡಿಸ್ಕ್ ಬಯಾಸ್‌ನಲ್ಲಿ ಹೆಸರು ಸಮೇತ ಕಾಣುತ್ತದೆ. ಶಬ್ದ ಐದು ಹತ್ತು ನಿಮಿಷಕ್ಕೊಮ್ಮೆ.


ಸೋಲ್ಡರ್

ಹಾಗಾದರೆ ಪ್ರಯತ್ನ ಮಾಡಬಹುದು. ಆದರೆ ಮೊದಲು ಮನಸ್ಸು ಗಟ್ಟಿ ಮಾಡಿ ಒಂದು ಮಾತು ತೀರ್ಮಾನಿಸಿ. ಡಿಯಲ್ಲಿರುವುದಕ್ಕೆ ಬೆಲೆ ಕಟ್ಟಲಾಗದು ಅಂತಿದ್ದರೆ ಮನೆಯಲ್ಲಿ ಏನೂ ಮಾಡದೆ ಸೀದಾ ಲ್ಯಾಬಿಗೆ ಕೊಡುವುದೇ ಸರಿ. ಸ್ವಲ್ಪ ಹೋದರೆ ತಡೆದುಕೊಳ್ಳುತ್ತೇನೆ ಅಂತಿದ್ದರೆ ಮುಂದೆ ಓದಿ.

ಫೈಲ್‌ಗಳನ್ನು ಒಂದೊಂದಾಗಿ ಎಳೆದು ಕಾಪಿ ಮಾಡಬೇಡಿ. ವಿಂಡೋಸ್ ಕೆಟ್ಟ ಜಾಗಕ್ಕೆ ಬಂದರೆ ಅಲ್ಲೇ ಗಂಟು ಬೀಳುತ್ತದೆ. ಡಿಡಿರೆಸ್ಕ್ಯೂ ಅನ್ನೋ ಗ್ನೂ ಪ್ರೋಗ್ರಾಮ್ ಇದೆ, ಉಚಿತ. ಅದರ ಬುದ್ಧಿ ಅಡಿಕೆ ಕೊನೆ ಕೊಯ್ಯುವವರ ಥರ. ಸುಲಭದಲ್ಲಿ ಕೈಗೆ ಸಿಗುವುದನ್ನೆಲ್ಲ ಮೊದಲು ಇಳಿಸಿಕೊಳ್ಳುತ್ತದೆ, ಕಷ್ಟದ ಜಾಗ ದಾಟಿಕೊಂಡು ಹೋಗುತ್ತದೆ, ಕೊನೆಗೆ ಮಾತ್ರ ಅದಕ್ಕೆ ವಾಪಸ್ ಬರುತ್ತದೆ. ನಡುವೆ ಡಿಸ್ಕ್ ಸತ್ತರೂ ಹೆಚ್ಚಿನದ್ದು ಅಷ್ಟರಲ್ಲಿ ಈಚೆ ಬಂದಿರುತ್ತದೆ.

ಸಿಸ್ಟಮ್‌ರೆಸ್ಕ್ಯೂ ಅನ್ನೋ ಲೈವ್ ಲಿನಕ್ಸ್ ಅನ್ನು (ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡುವ, ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆ) ಖಾಲಿ ಪೆನ್‌ಡ್ರೈವಿಗೆ ಬರೆಯಿರಿ. ಅದರಲ್ಲಿ ಡಿಡಿರೆಸ್ಕ್ಯೂ ಇದೆ. ಹಳೇ ಡಿಸ್ಕನ್ನು ಸಿಪಿಯು ಡಬ್ಬಿಯ ಒಳಗಿನ ಸಾಟಾ ಕೇಬಲ್‌ನಲ್ಲೇ ಹಾಕಿ, ಯುಎಸ್‌ಬಿ ಡಬ್ಬಿಯಲ್ಲಿ ಬೇಡ. ಹೊಸ ಎಸ್‌ಎಸ್‌ಡಿಯ ವೈರ್ ಬಿಚ್ಚಿಡಿ. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ 315 ಜಿಬಿಗಿಂತ ಜಾಸ್ತಿ ಖಾಲಿ ಇರಬೇಕು. ಡಿಯಲ್ಲಿ ಖಾಲಿ ಇರುವ ಜಾಗವನ್ನೂ ಅದು ನಕಲು ಮಾಡುತ್ತದೆ, ಅದಕ್ಕೆ.

ಲಿನಕ್ಸ್‌ನಲ್ಲಿ ಡಿಸ್ಕ್‌ಗಳ ಹೆಸರು ಎಸ್‌ಡಿಎ, ಎಸ್‌ಡಿಬಿ ಅಂತ ಇರುತ್ತದೆ. ಯಾವುದು ಯಾವುದು ಅಂತ ಹೆಸರಿನಿಂದ ನಂಬಬೇಡಿ, ಗಾತ್ರ ನೋಡಿ ನಂಬಿ. ಎಲ್‌ಎಸ್‌ಬಿಎಲ್‌ಕೆ ಅಂತ ಹೊಡೆದರೆ ಪಟ್ಟಿ ಬರುತ್ತದೆ. 315 ಜಿ ಇರುವ ಭಾಗ ನಿಮ್ಮ ಡಿ. ಆ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಾನು ಈಗಲೂ ಬರೆದುಕೊಳ್ಳುತ್ತೇನೆ, ನಾಚಿಕೆ ಏನಿಲ್ಲ.

ಆಜ್ಞೆ ಹೀಗಿರಬೇಕು: ಡಿಡಿರೆಸ್ಕ್ಯೂ, ಹೈಫನ್ ಎನ್, ಮೊದಲು ಡಿಯ ಹೆಸರು, ಆಮೇಲೆ ಎಕ್ಸ್‌ಟರ್ನಲ್‌ನಲ್ಲಿ ಇಮೇಜ್ ಫೈಲಿನ ಹೆಸರು, ಕೊನೆಗೆ ಮ್ಯಾಪ್ ಫೈಲಿನ ಹೆಸರು. ಈ ಕ್ರಮ ತಿರುಗಿಸಿದಿರೋ, ಕೆಲಸ ಕೆಟ್ಟಿತು. ಹೈಫನ್ ಎನ್ ಅಂದರೆ ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಕೆರೆಯಬೇಡ ಅಂತ. ಅದು ಮುಗಿದ ಮೇಲೆ ಎನ್ ತೆಗೆದು ಹೈಫನ್ ಆರ್ 3 ಹಾಕಿ ಅದೇ ಸಾಲು ಮತ್ತೆ ಓಡಿಸಿ, ಮೂರು ಸಲ ಪ್ರಯತ್ನ ಮಾಡುತ್ತದೆ.

ಮ್ಯಾಪ್ ಫೈಲ್ ಬಹಳ ಮುಖ್ಯ. ಎಲ್ಲಿಯವರೆಗೆ ಆಯಿತು, ಎಲ್ಲಿ ಕೆಟ್ಟಿದೆ ಅನ್ನೋ ಲೆಕ್ಕ ಅದರಲ್ಲಿರುತ್ತದೆ. ಕರೆಂಟು ಹೋದರೆ ಅದೇ ಆಜ್ಞೆ ಮತ್ತೆ ಕೊಡಿ, ನಿಂತಲ್ಲಿಂದ ಶುರು ಮಾಡುತ್ತದೆ. ಆದರೆ ಮ್ಯಾಪ್ ಫೈಲೂ ಎಕ್ಸ್‌ಟರ್ನಲ್‌ನಲ್ಲೇ ಇರಬೇಕು. ಲೈವ್ ಲಿನಕ್ಸ್‌ನ ಒಳಗೆ ಇಟ್ಟರೆ ಅದು ಬರೀ ರ‍್ಯಾಮಿನಲ್ಲಿರುತ್ತದೆ, ಕರೆಂಟಿನ ಜೊತೆ ಅದೂ ಹೋಗುತ್ತದೆ.


ಕಡಲತೀರ

ಸೋಲ್ಡರ್ ಸರ್, ಸಿಟ್ಟೇನಿಲ್ಲ. ಗೆಳೆಯನ ಡಿಸ್ಕ್ ಒಮ್ಮೆ ಓಡಿತ್ತು ಅಂದೆನಲ್ಲ, ಎರಡನೇ ಸಲ ಓಡಲಿಲ್ಲ ಅನ್ನುವುದನ್ನು ಹೇಳಲು ಮರೆತಿದ್ದೆ.

ಅಕ್ಕ, ಇನ್ನು ಮುಂದೆ ಗೂಗಲ್ ಡ್ರೈವಿಗೆ ಹಾಕಿಬಿಡಿ, ಇದ್ಯಾವ ರಗಳೆಯೂ ಇಲ್ಲ.


ಬೈಟ್‌ಟೂಕಾಫಿ

ಉಚಿತ 15 ಜಿಬಿ, ಅದರಲ್ಲಿ ಜಿಮೇಲ್ ಮತ್ತು ಫೋಟೋ ಕೂಡ ಪಾಲು ಕೇಳುತ್ತವೆ. ಲಗ್ನಪತ್ರಿಕೆ ಫೈಲ್‌ಗಳಿಗೆ ಅದು ಸಾಕಾಗಬಹುದು, ಒಳ್ಳೆಯದೇ. ಆದರೆ ಫೋಲ್ಡರನ್ನು ಸಿಂಕ್‌ಗೆ ಹಾಕಿ ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಒಂದಷ್ಟು ದಿನ ಇರುತ್ತದೆ, ಆಮೇಲೆ ಇಲ್ಲ. ಹಳೇ ನಕಲು ಹಳೆಯದಾಗಿಯೇ ಬೇರೆ ಕಡೆ ಉಳಿದಿರಬೇಕು.


ಅಕ್ಷರಮನೆ | ಮುಂದಿನ ಗುರುವಾರ

ಮಾಡಿದೆ. ಏನೇನಾಯಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಭಾನುವಾರ ಪಕ್ಕದ ಮನೆಯವರ ಇನ್ವರ್ಟರಿನಿಂದ ಬೇಲಿ ದಾಟಿಸಿ ಒಂದು ವೈರ್ ಎಳೆದೆವು. ಮಗ ಪೆನ್‌ಡ್ರೈವ್ ತಯಾರು ಮಾಡಿದ. ಕಪ್ಪು ಪರದೆ ನೋಡಿ ನನಗೆ ಕೈ ನಡುಗಿತು. ಅವನು ಆಜ್ಞೆ ಹೊಡೆದ, ನಾನು ಕಾಗದ ಹಿಡಿದು ಒಂದೊಂದು ಅಕ್ಷರ ತಾಳೆ ನೋಡಿದೆ. ಪ್ರೂಫ್ ನೋಡುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು. ಮ್ಯಾಪ್ ಫೈಲಿಗೆ ಅವನು ಬರೀ ಹೆಸರು ಕೊಟ್ಟಿದ್ದ, ಎಲ್ಲಿ ಅಂತ ಕೊಟ್ಟಿರಲಿಲ್ಲ. ಸೋಲ್ಡರ್ ಬರೆದದ್ದು ಓದಿ ಹೇಳಿದೆ, ತಿದ್ದಿದ.

ಮೊದಲ ಎರಡು ಗಂಟೆಯಲ್ಲಿ 240 ಜಿಬಿ ಬಂತು. ಶಬ್ದವೇ ಇಲ್ಲ. ಚಹಾ ಮಾಡಿ ಕುಡಿದೆವು. ಆಮೇಲೆ ಟಕ್ ಟಕ್ ಶುರುವಾಯಿತು. ವೇಗ ಒಂದೊಂದು ಸಲ ಸೊನ್ನೆಗೆ ಇಳಿಯುತ್ತಿತ್ತು. ಪರದೆಯಲ್ಲಿ 'ಕೊನೇ ಸಲ ಓದಿ ಇಷ್ಟು ಸೆಕೆಂಡ್ ಆಯಿತು' ಅಂತ ಒಂದು ಸಾಲಿರುತ್ತದೆ. ಅದು 40 ದಾಟಿದಾಗ ಉಸಿರು ಹಿಡಿದು ಕೂತಿದ್ದೆ. ಮತ್ತೆ ಹೊರಟಿತು. ಸಂಜೆ ಹೊತ್ತಿಗೆ ಮೊದಲ ಸುತ್ತು ಮುಗಿದು 99.98 ಅಂತ ತೋರಿಸಿತು, 61 ಎಂಬಿ ಬಾಕಿ.

ರಾತ್ರಿ ಎರಡನೇ ಸುತ್ತು ಹಾಕಿ ಮಲಗಿದೆವು. ಮೂರು ಗಂಟೆಗೆ ಎದ್ದು ನೋಡಿದರೆ ಕತ್ತಲು. ಪಕ್ಕದ ಮನೆ ಇನ್ವರ್ಟರೂ ಖಾಲಿಯಾಗಿತ್ತು. ಬೆಳಿಗ್ಗೆ ಕರೆಂಟು ಬಂದ ಮೇಲೆ ಅದೇ ಸಾಲು ಕೊಟ್ಟೆವು. ನಿಂತಲ್ಲಿಂದಲೇ ಹೊರಟಿತು! ಸೋಮವಾರ ಮಧ್ಯಾಹ್ನ ಮುಗಿಯುವಾಗ ಬಾಕಿ ಉಳಿದದ್ದು 1.4 ಎಂಬಿ.

ಇಮೇಜ್ ಫೈಲನ್ನು ಲಿನಕ್ಸ್‌ನಲ್ಲೇ ರೀಡ್ ಓನ್ಲಿಯಾಗಿ ತೆರೆದು ನೋಡಿದೆವು. ಎಲ್ಲಾ ಫೋಲ್ಡರ್ ಇವೆ. 'ಪತ್ರಿಕೆ', 'ಸೊಸೈಟಿ', 'ಪುಸ್ತಕ', 'ಅಪ್ಪ'. ಕೊನೆಯದು ನನ್ನ ಅಪ್ಪ ಹೇಳುತ್ತಿದ್ದ ತಾಳಮದ್ದಲೆ ಅರ್ಥ. ಅವರು ಹೇಳುತ್ತಿದ್ದ ಹಾಗೇ ನಾನು ಟೈಪ್ ಮಾಡಿದ್ದು. ಅದನ್ನೇ ಮೊದಲು ತೆರೆದೆ. ಪೂರ್ತಿ ಇದೆ.

ಅಂಗಡಿಯವರು 480 ವಾಪಸ್ ತೆಗೆದುಕೊಂಡು, ಮೇಲೆ ಸ್ವಲ್ಪ ದುಡ್ಡು ಪಡೆದು 512 ಕೊಟ್ಟರು. ಈ ಸಲ ಇಮೇಜ್ ರಿಕವರಿ ತಕರಾರು ಮಾಡಲಿಲ್ಲ. ಎಕ್ಸ್‌ಟರ್ನಲ್ ಅನ್ನು ಸಿಪಿಯು ಹಿಂಭಾಗದ ನೀಲಿ ಬಣ್ಣದ ವೇಗದ ಯುಎಸ್‌ಬಿ ಪೋರ್ಟಿಗೆ ಹಾಕಿದ್ದೆ, 20 ನಿಮಿಷದಲ್ಲಿ ನನ್ನ ಹಳೇ ವಿಂಡೋಸ್ ಬಂದು ಕೂತಿತು. ಪೇಜ್‌ಮೇಕರ್ ಅದೇ, ಟೂಲ್‌ಬಾಕ್ಸ್ ನಾನು ಬಿಟ್ಟ ಮೂಲೆಯಲ್ಲೇ ಇದೆ.

ಆದರೆ ಒಂದು ಕಿತಾಪತಿ. ಉಳಿದ ಜಾಗದಲ್ಲಿ ಹೊಸ ಭಾಗ ಮಾಡಿದರೆ ಅದಕ್ಕೆ ಇ ಅಂತ ಹೆಸರು ಬಂತು. ಡಿ ಅಕ್ಷರವನ್ನು ಡಿವಿಡಿ ಡ್ರೈವ್ ಹೊಡೆದುಕೊಂಡಿತ್ತು! ಪೇಜ್‌ಮೇಕರ್ ಫೈಲ್ ತೆರೆದರೆ ಒಂದೊಂದು ಚಿತ್ರಕ್ಕೂ 'ಇದು ಎಲ್ಲಿದೆ' ಅಂತ ಕೇಳುತ್ತದೆ. ಗಣಪತಿ ಎಲ್ಲಿ, ಕಲಶ ಎಲ್ಲಿ, ಬಾಳೆಕಂಬ ಎಲ್ಲಿ. ಅದು ಡಿಯ ದಾರಿಯನ್ನೇ ನೆನಪಿಟ್ಟುಕೊಂಡಿದೆ ಅಂತ ಆಮೇಲೆ ಹೊಳೆಯಿತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿವಿಡಿಗೆ ಜಡ್ ಕೊಟ್ಟು, ಹೊಸದಕ್ಕೆ ಡಿ ಕೊಟ್ಟೆ. ಗಣಪತಿ ತಾನೇ ಬಂದು ಕೂತ.

ಈಗ ಉಳಿದದ್ದು ಎರಡು ಪ್ರಶ್ನೆ. ಆ 1.4 ಎಂಬಿ ಯಾವ ಫೈಲಿನದು ಅಂತ ಕಂಡುಹಿಡಿಯುವುದು ಹೇಗೆ? ಸಾವಿರಗಟ್ಟಲೆ ಫೈಲ್ ತೆರೆದು ನೋಡಲು ಆಗುವುದಿಲ್ಲ. ಹಳೇ ಡಿಸ್ಕನ್ನು ಏನು ಮಾಡಲಿ?


ಸೋಲ್ಡರ್

ಅಕ್ಕಾರ, ಓದಿ ಭಾಳ ಖುಷಿ ಆಯಿತು.

ಇಮೇಜ್ ಫೈಲಿನ ಇನ್ನೊಂದು ನಕಲು ಮಾಡಿ, ಮೂಲ ಹಾಗೇ ಇರಲಿ. ಡಿಡಿರೆಸ್ಕ್ಯೂನಲ್ಲಿ ಫಿಲ್ ಮೋಡ್ ಅಂತ ಇದೆ. ಮ್ಯಾಪ್ ಫೈಲ್ ನೋಡಿಕೊಂಡು, ಓದಲಾಗದ ಜಾಗಕ್ಕೆಲ್ಲ ನೀವು ಕೊಟ್ಟ ಒಂದು ಪದವನ್ನು ತುಂಬುತ್ತದೆ. ಎಲ್ಲೂ ಇರದ ಪದ ಕೊಡಿ. ಆಮೇಲೆ ಆ ನಕಲನ್ನು ತೆರೆದು, ಯಾವ ಫೈಲಿನಲ್ಲಿ ಆ ಪದ ಇದೆ ಅಂತ ಹುಡುಕಿಸಿ. ಸಿಕ್ಕಿದ ಫೈಲ್‌ಗಳೇ ಪೆಟ್ಟು ತಿಂದವು. ಸಿಗದಿದ್ದರೆ ಆ ಜಾಗದಲ್ಲಿ ಬಹುಶಃ ಯಾವ ಫೈಲೂ ಇರಲಿಲ್ಲ ಅಂತ ಅರ್ಥ.

ಹಳೇ ಡಿಸ್ಕನ್ನು ಈ ಪಟ್ಟಿ ಮುಗಿಯುವವರೆಗೆ ಇಟ್ಟಿರಿ. ಆಮೇಲೆ ಗುಜರಿಗೆ ಇಡಿಯಾಗಿ ಹಾಕಬೇಡಿ, ಅದರಲ್ಲಿ ಸೊಸೈಟಿ ಲೆಕ್ಕ ಇದೆ. ಮಗನಿಗೆ ಸ್ಕ್ರೂಡ್ರೈವರ್ ಕೊಡಿ, ಬಿಚ್ಚಿ ತಟ್ಟೆ ಮೇಲೆ ನಾಲ್ಕು ಗೀರು ಎಳೆಯಲಿ. ಒಳಗೆ ಎರಡು ಅಯಸ್ಕಾಂತ ಸಿಗುತ್ತವೆ, ಬಹಳ ಜೋರು. ಬೆರಳು ಜೋಪಾನ.


ಅಕ್ಷರಮನೆ | ಭಾನುವಾರ

'ಹಲ್ಲಿಹಲ್ಲಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ತುಂಬಿಸಿದೆ. ಒಂಬತ್ತು ಫೈಲ್ ಸಿಕ್ಕವು. ನಾಲ್ಕು ಫೋಟೋ, ಮಗನ ಎರಡು ವಿಡಿಯೋ, ಒಂದು ಹಳೇ ಸಾಫ್ಟ್‌ವೇರು, ಎರಡು ಪೇಜ್‌ಮೇಕರ್. ಪೇಜ್‌ಮೇಕರಿನಲ್ಲಿ ಒಂದು ಯಾರದೋ ಗೃಹಪ್ರವೇಶ, ಮನೆ ಈಗ ಹಳೆಯದಾಗಿದೆ, ಬಿಡಿ. ಇನ್ನೊಂದು ಸೊಸೈಟಿಯ ವರದಿ. ಅದರ ಅಚ್ಚಾದ ಪ್ರತಿ ಅವರ ಕಪಾಟಿನಲ್ಲಿ ಇದೆಯಂತೆ, ಕೇಳಿ ಬಂದೆ. ಫೋಟೋದಲ್ಲಿ ಒಂದು ನಮ್ಮ ಹಳೇ ಮನೆಯ ಜಗಲಿ. ಮನೆ ಬಿಚ್ಚುವ ಮೊದಲು ತೆಗೆದದ್ದು. ಮೇಲಿನ ಅರ್ಧ ಬಂದಿದೆ, ಹೆಂಚು ಮತ್ತು ತೊಲೆ. ಕೆಳಗಿನ ಅರ್ಧ ಬೂದು ಬಣ್ಣ. ಅಲ್ಲಿ ಯಾರು ಕೂತಿದ್ದರು ಅಂತ ನಾನು ಮತ್ತು ಅತ್ತೆ ಇನ್ನೂ ಚರ್ಚೆ ಮಾಡುತ್ತಿದ್ದೇವೆ.

ಈಗಿನ ವ್ಯವಸ್ಥೆ ಹೀಗಿದೆ. ಇಮೇಜ್‌ಗೆ ಡಿಯೂ ಟಿಕ್. ಇನ್ನೊಂದು ಎಕ್ಸ್‌ಟರ್ನಲ್ ಕೊಂಡೆ. ಒಂದು ಇಲ್ಲಿ, ಒಂದು ಸಿದ್ದಾಪುರದ ತವರುಮನೆಯಲ್ಲಿ. ಹಬ್ಬಕ್ಕೆ ಹೋದಾಗ ಇದನ್ನು ಅಲ್ಲಿಟ್ಟು ಅದನ್ನು ತರುವುದು. ಪ್ರತಿ ಶನಿವಾರ ಆ ವಾರದ ಕೆಲಸ ಮಾತ್ರ ಪೆನ್‌ಡ್ರೈವಿಗೆ. ಯುಪಿಎಸ್‌ಗೆ ಬ್ಯಾಟರಿ ಬಂತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತಿದೆ ಅಂತ ಗೊತ್ತು. ಆ ಕಂಪ್ಯೂಟರಿಗೆ ಇಂಟರ್‌ನೆಟ್ ವೈರ್ ತೆಗೆದಿದ್ದೇನೆ. ಈ ಪತ್ರ ಮಗನ ಲ್ಯಾಪ್‌ಟಾಪಿನಿಂದ.


ಬೈಟ್‌ಟೂಕಾಫಿ

ಮೇಡಂ, ಆ ಲ್ಯಾಪ್‌ಟಾಪ್ ಹೊಸದಾಗಿದ್ದು ವಿಂಡೋಸ್ 11 ಇದ್ದರೆ ಅದರ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರಬಹುದು. 48 ಅಂಕಿಯ ರಿಕವರಿ ಕೀ ಇರುತ್ತದೆ, ಮಗನಿಗೆ ಹೇಳಿ ಈಗಲೇ ಬರೆದಿಡಿಸಿ. ಆ ಕೀ ಕಳೆದುಕೊಂಡರೆ ಸೋಲ್ಡರ್ ಸರ್ ಕೈಯಲ್ಲೂ ಆಗುವುದಿಲ್ಲ.


ಸೋಲ್ಡರ್

ಹೌದು, ಆಗುವುದಿಲ್ಲ.

ಅಕ್ಕಾರ, ತವರಿಗೆ ಡಿಸ್ಕ್ ಒಯ್ಯುವಾಗ ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಳ್ಳಿ, ಬಸ್ಸಿನ ಮೇಲಿನ ಕ್ಯಾರಿಯರಿಗೆ ಹಾಕಬೇಡಿ. ವಾಪಸ್ ಬರುವಾಗ ಮಿಡಿ ಉಪ್ಪಿನಕಾಯಿ ಭರಣಿ ಇರುವ ಚೀಲದಲ್ಲಂತೂ ಬೇಡವೇ ಬೇಡ. ನಗಬೇಡಿ, ಎಣ್ಣೆ ಕುಡಿದ ಒಂದು ಡಿಸ್ಕ್ ಈಗಲೂ ನನ್ನ ಡ್ರಾಯರಿನಲ್ಲಿದೆ.